ಬ್ಯಾಟರಿಗಳನ್ನು ಮಾತಾಡಿಸುವ ದಿನ

ಗುರು-ಶಿಷ್ಯರ ಕಥೆ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಪರ್ಣಕುಟಿ, ಜಿಂಕೆ, ಹೋಮದ ಹೊಗೆ ಬಂದು ನಿಲ್ಲುತ್ತವೆ ಅಂತ ನನಗೆ ಗೊತ್ತು. ಇದರಲ್ಲಿ ಅದ್ಯಾವುದೂ ಇಲ್ಲ. ನದಿ ಮಾತ್ರ ಇದೆ.

ಕಪಿಲೆಯ ದಂಡೆಯ ಮೇಲೆ ಒಂದು ಪಂಪ್‌ಹೌಸು. ನೀರು ಅಲ್ಲಿಂದ ಗುಡ್ಡ ಹತ್ತಿ, ಮೇಲಿನ ಟ್ಯಾಂಕು ಸೇರಿ, ಊರಿನ ನಲ್ಲಿಗಳಿಗೆ ಇಳಿಯುತ್ತದೆ.

ಅಲ್ಲಿದ್ದ ಗುರುವಿನ ಹೆಸರು ಗುರುಮಲ್ಲಪ್ಪ. ಅರವತ್ತಮೂರು ವಯಸ್ಸು, ನಿವೃತ್ತಿಯಾದ ಮೇಲೂ ಗುತ್ತಿಗೆಯ ಮೇಲೆ ಪಂಪು ನೋಡಿಕೊಳ್ಳುತ್ತಿದ್ದವರು. ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಆದರೂ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರೇ. ಶಿಷ್ಯೆಯ ಹೆಸರು ದಾಕ್ಷಾಯಿಣಿ. ಡಿಪ್ಲೊಮಾ ಮುಗಿಸಿ ಬಂದವಳು, ಬಂದು ನಾಲ್ಕು ವರ್ಷ.

ಮೇಷ್ಟ್ರೆಂದರೆ ಅವಳಿಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದ ಎಡವಟ್ಟಿಗೆಲ್ಲ ಅದೇ ಕಾರಣ.

ಬಂದ ಮೊದಲ ದಿನ ಅವಳು ಕೇಳಿದ್ದಳು, “ಮೇಷ್ಟ್ರೇ, ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಯಂತ್ರ ಯಾವುದು?”

ಪಂಪುಗಳನ್ನು ತೋರಿಸುತ್ತಾರೆ ಅಂದುಕೊಂಡಿದ್ದಳು. ಅವರು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹದಿನಾರು ಬ್ಯಾಟರಿ, ಪಕ್ಕದಲ್ಲಿ ಬೀರುವಿನಷ್ಟು ಎತ್ತರದ ಯುಪಿಎಸ್.

“ಇವು ಏನು ಮಾಡ್ತಾವೆ?”

“ಏನೂ ಮಾಡಲ್ಲ. ವರ್ಷವಿಡೀ ಸುಮ್ನೆ ಕೂತಿರ್ತಾವೆ.”

“ಮತ್ತೆ?”

“ಕರೆಂಟು ಹೋದ್ರೆ ಪಂಪು ನಿಲ್ಲುತ್ತೆ. ಆಗ ಗುಡ್ಡ ಹತ್ತುತ್ತಿದ್ದ ನೀರು ಏನ್ಮಾಡುತ್ತೆ?”

“ವಾಪಸ್ ಇಳಿಯುತ್ತೆ.”

“ಎರಡು ಕಿಲೋಮೀಟರ್ ಉದ್ದದ ನೀರು ಒಟ್ಟಿಗೆ ಇಳಿಯುತ್ತೆ. ಪೈಪು ಒಡೆದು ಕೆಳಗಿನ ಕೇರಿಯ ಮನೆಗಳಿಗೆ ನುಗ್ಗುತ್ತೆ. ಅಷ್ಟರೊಳಗೆ ದೊಡ್ಡ ವಾಲ್ವು ಮುಚ್ಚಬೇಕು, ಅದೂ ಮೆಲ್ಲಗೆ, ಮೂರು ನಿಮಿಷ ತಗೊಂಡು. ಮುಚ್ಚಿಸೋದು ಕಂಟ್ರೋಲ್ ಪ್ಯಾನೆಲ್ಲು. ಕರೆಂಟಿಲ್ಲದಾಗ ಆ ಪ್ಯಾನೆಲ್ಲಿಗೆ, ಆ ವಾಲ್ವಿನ ಮೋಟಾರಿಗೆ ಜೀವ ಕೊಡೋರು ಇವರು.”

“ಬರೀ ಮೂರು ನಿಮಿಷಕ್ಕೆ ಹದಿನಾರು ಬ್ಯಾಟರಿನಾ ಮೇಷ್ಟ್ರೇ?”

“ನಿಂಗೆ ಯಾವತ್ತೂ ಮೂರು ನಿಮಿಷ ಉಸಿರು ಕಟ್ಟಿಲ್ಲ ಅಂತ ಕಾಣುತ್ತೆ,” ಅಂದರು ಮೇಷ್ಟ್ರು.

ಅಲ್ಲಿ ಒಂದು ಪದ್ಧತಿಯಿತ್ತು. ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಪಂಪು ನಿಲ್ಲಿಸಿ, ವಾಲ್ವು ಮುಚ್ಚಿ, ಮೇಷ್ಟ್ರು ಯುಪಿಎಸ್ಸಿಗೆ ಬರುವ ಕರೆಂಟನ್ನು ತಾವೇ ತೆಗೆಯುತ್ತಿದ್ದರು. ಇಪ್ಪತ್ತು ನಿಮಿಷ ಪ್ಯಾನೆಲ್ಲು ಬರೀ ಬ್ಯಾಟರಿಗಳ ಮೇಲೆ ನಿಲ್ಲಬೇಕು. ಅಷ್ಟು ಹೊತ್ತೂ ಅವರು ಮೀಟರು ಹಿಡಿದು ಒಂದೊಂದನ್ನೇ ಅಳೆಯುತ್ತ, ಒಂದೊಂದರ ಮೈ ಮುಟ್ಟಿ ನೋಡುತ್ತ ಓಡಾಡುತ್ತಿದ್ದರು.

ಇಲಾಖೆಯ ಕಾಗದದಲ್ಲಿ ಇದಕ್ಕೆ ಏನೋ ಉದ್ದನೆಯ ಹೆಸರಿದೆ. ಮೇಷ್ಟ್ರು ಮಾತ್ರ “ಇವತ್ತು ಬ್ಯಾಟರಿ ಮಾತಾಡಿಸೋ ದಿನ” ಅನ್ನುತ್ತಿದ್ದರು.

ಹೀಗೆ ಮೂರು ವರ್ಷ ಚೆನ್ನಾಗಿ ನಡೆಯಿತು. ಮೇಷ್ಟ್ರು ಬೈಯುವರು, ಅವಳು ಕಲಿಯುವಳು. ಅವಳು ತಿರುಗಿ ಕೇಳುವಳು, ಮೇಷ್ಟ್ರು ನಗುವರು.

ಹೋದ ಯುಗಾದಿಯ ಮುಂದೆ ಮೇಷ್ಟ್ರಿಗೆ ಎದೆ ಹಿಡಿದುಕೊಂಡಿತು. ಮೈಸೂರಿನ ಆಸ್ಪತ್ರೆ ಸೇರಿದರು, ಸ್ಟೆಂಟು ಹಾಕಿದರು, ಒಂದು ತಿಂಗಳು ಮನೆಯಲ್ಲಿದ್ದು ವಾಪಸ್ ಬಂದರು. “ಭಾರ ಎತ್ತಬೇಡಿ, ಉಳಿದದ್ದೆಲ್ಲ ಮಾಡಿ” ಅಂದಿದ್ದರು ಡಾಕ್ಟರು. ದಾಕ್ಷಾಯಿಣಿಯ ಕಿವಿಗೆ ಬಿದ್ದದ್ದು ಅದರಲ್ಲಿ ಮೊದಲರ್ಧ ಮಾತ್ರ.

ಮೇಷ್ಟ್ರು ಸ್ಪ್ಯಾನರಿಗೆ ಕೈ ಚಾಚಿದರೆ, “ನೀವು ಕೂತ್ಕೊಳಿ ಮೇಷ್ಟ್ರೇ.”

ಏಣಿಯ ಕಡೆ ನೋಡಿದರೆ, “ನೀವು ಕೂತ್ಕೊಳಿ ಮೇಷ್ಟ್ರೇ.”

ರಿಜಿಸ್ಟರು ಬರೆಯಲು ಪೆನ್ನು ತೆಗೆದರೆ ಅದನ್ನೂ ಕಿತ್ತುಕೊಂಡಳು, ಮಹರಾಯ್ತಿ. ಪೆನ್ನು ಎಷ್ಟು ಭಾರ ಇರುತ್ತದೆ, ನೀವೇ ಹೇಳಿ.

ಮೊದಲ ವಾರ ಮೇಷ್ಟ್ರು ಮಹಾರಾಜರ ಹಾಗೆ ಕೂತರು. ಕೂತಲ್ಲಿಗೆ ಟೀ ಬರುತ್ತಿತ್ತು, ಬಿಸಿನೀರು ಬರುತ್ತಿತ್ತು, ಬೆನ್ನಿಗೆ ದಿಂಬೂ ಬಂತು. ಎರಡನೆಯ ತಿಂಗಳ ಹೊತ್ತಿಗೆ ಪೇಪರಿನಲ್ಲಿ ವಧೂವರರ ಜಾಹೀರಾತನ್ನೂ ಬಿಡದೆ ಓದುತ್ತಿದ್ದರು. ನಾಲ್ಕನೆಯ ತಿಂಗಳಿಗೆ ಬೈಯುವುದನ್ನು ಬಿಟ್ಟರು. ಆಮೇಲೆ ತಡವಾಗಿ ಬಂದು ಬೇಗ ಹೋಗುವುದು ರೂಢಿಯಾಯಿತು. ದಾಕ್ಷಾಯಿಣಿ ಇದನ್ನೆಲ್ಲ ನೋಡಿ, ಸದ್ಯ, ಮೇಷ್ಟ್ರು ಆರಾಮಾಗಿದ್ದಾರೆ ಅಂದುಕೊಂಡಳು.

ಬ್ಯಾಟರಿಗಳ ವಿಷಯದಲ್ಲೂ ಅವಳು ಇಂಥದ್ದೇ ಒಂದು ಕೆಲಸ ಮಾಡಿದ್ದಳು. ಮೇಷ್ಟ್ರು ಆಸ್ಪತ್ರೆಯಲ್ಲಿದ್ದಾಗ ಮೊದಲ ಗುರುವಾರ ಬಂತು. ಅವಳು ಸ್ವಿಚ್ಚಿನ ಮುಂದೆ ನಿಂತಳು. ಬ್ಯಾಟರಿಗಳಿಗೆ ಆಗಲೇ ಐದು ವರ್ಷ ತುಂಬಿತ್ತು. ಪಾಪ, ವಯಸ್ಸಾದವು, ಸುಮ್ಮನೆ ಯಾಕೆ ಸುಸ್ತು ಮಾಡಿಸುವುದು ಅನ್ನಿಸಿತು. ಬಟ್ಟೆ ತೆಗೆದುಕೊಂಡು ಧೂಳು ಒರೆಸಿ, ಮೀಟರು ಹಚ್ಚಿ, ರಿಜಿಸ್ಟರಿನಲ್ಲಿ ‘ಎಲ್ಲ ಸರಿ’ ಅಂತ ಬರೆದಳು.

ಮುಂದಿನ ತಿಂಗಳೂ ಹಾಗೇ ಮಾಡಿದಳು. ಅದರ ಮುಂದಿನ ತಿಂಗಳೂ ಅಷ್ಟೇ. ಪಂಪ್‌ಹೌಸಿನದು ಬೇರೆಯದೇ ಲೈನಾದ್ದರಿಂದ ಅಷ್ಟು ದಿನ ಕರೆಂಟೂ ಕೈಕೊಡಲಿಲ್ಲ.

ಏಳು ತಿಂಗಳಾದ ಮೇಲೆ ಒಂದು ಗುರುವಾರ ಬೆಳಿಗ್ಗೆ ಮೇಷ್ಟ್ರು ಬಂದವರೇ ಜೇಬಿನಿಂದ ಒಂದು ಕವರು ತೆಗೆದು ಅವಳ ಕೈಗಿಟ್ಟರು.

“ಇದನ್ನ ಎಂಜಿನಿಯರ್‌ಗೆ ಕೊಟ್ಟುಬಿಡು.”

“ಏನಿದು ಮೇಷ್ಟ್ರೇ?”

“ಈ ತಿಂಗಳಿಗೆ ಸಾಕು, ಕೆಲಸದಿಂದ ಬಿಡಿಸಿ ಅಂತ ಬರೆದಿದೀನಿ.”

ದಾಕ್ಷಾಯಿಣಿ ಕವರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಪ್ಪನನ್ನು ಎಳವೆಯಲ್ಲೇ ಕಳೆದುಕೊಂಡವಳು ಅವಳು. ಈ ಪಂಪ್‌ಹೌಸಿನಲ್ಲಿ ಮೇಷ್ಟ್ರಿಲ್ಲದ ಒಂದು ಬೆಳಗನ್ನು ಅವಳು ಯೋಚಿಸಿಯೂ ಇರಲಿಲ್ಲ. ಕಣ್ಣು ತುಂಬಿಕೊಂಡಿತು.

“ನನ್ನಿಂದ ಏನು ತಪ್ಪಾಯ್ತು?”

“ತಪ್ಪಾ? ಹೆತ್ತ ಮಗಳು ನೋಡ್ಕೊಳಲ್ಲ, ಹಂಗೆ ನೋಡ್ಕೊಂಡಿದೀಯ.”

“ಮೈ ಹುಷಾರಿಲ್ವಾ?”

“ಗುಂಡುಕಲ್ಲಿನ ಹಾಗಿದೀನಿ.”

“ಮತ್ತೆ ಯಾಕೆ ಹೋಗ್ತೀರಿ?”

ಮೇಷ್ಟ್ರು ಹಿಂದಿನ ಕೋಣೆಯ ಕಡೆ ನೋಡಿದರು.

“ಬ್ಯಾಟರಿಗಳು ಹೇಗಿವೆ?”

ಇದೇನು ಅಡ್ಡಮಾತು ಅನ್ನಿಸಿತು ಅವಳಿಗೆ. ಮೂಗೊರೆಸಿಕೊಂಡು ಹೇಳಿದಳು, “ಚೆನ್ನಾಗಿವೆ. ಒಂದೊಂದೂ ಹದಿಮೂರೂವರೆ ವೋಲ್ಟು. ದಿನಾ ಅಳೀತೀನಿ, ದಿನಾ ಒರೆಸ್ತೀನಿ.”

“ಮಾತಾಡಿಸಿ ಎಷ್ಟು ದಿನ ಆಯ್ತು?”

ದಾಕ್ಷಾಯಿಣಿ ಸುಳ್ಳು ಹೇಳುವ ಹುಡುಗಿಯಲ್ಲ, ಆದರೆ ನಿಜ ಹೇಳಲು ಬಾಯಿ ಬರಲಿಲ್ಲ.

“ಪಂಪು ನಿಂತಿದೆಯಾ?” ಕೇಳಿದರು ಮೇಷ್ಟ್ರು.

“ನಿಂತಿದೆ. ಹತ್ತು ಗಂಟೆಗೆ ಶುರು ಮಾಡ್ಬೇಕು.”

“ವಾಲ್ವು?”

“ಮುಚ್ಚಿದೆ.”

ಮೇಷ್ಟ್ರು ಒಳಗೆ ಹೋದರು. ಅವಳು “ಮೇಷ್ಟ್ರೇ, ನೀವು ಕೂತ್ಕೊ...” ಅನ್ನುವಷ್ಟರಲ್ಲಿ ಸ್ವಿಚ್ಚು ತೆಗೆದೇಬಿಟ್ಟರು.

ಯುಪಿಎಸ್ಸು ಕುಂಯ್ ಅಂತ ಕೂಗತೊಡಗಿತು. ಪ್ಯಾನೆಲ್ಲಿನ ದೀಪಗಳು ಉರಿಯುತ್ತಲೇ ಇದ್ದವು. ದಾಕ್ಷಾಯಿಣಿಗೆ ತುಸು ಧೈರ್ಯ ಬಂತು. ಗಡಿಯಾರ ನೋಡಿದಳು. ಹತ್ತು ಸೆಕೆಂಡು. ಇಪ್ಪತ್ತು. ಮೂವತ್ತು.

ನಲವತ್ತಕ್ಕೆ ಎಲ್ಲ ದೀಪವೂ ಒಟ್ಟಿಗೆ ಆರಿಹೋದವು.

ಕೂಗೂ ನಿಂತಿತು. ಕಿಟಕಿಯಾಚೆ ಹೊಳೆ ಹರಿಯುವುದು ಕೇಳಿಸುತ್ತಿತ್ತು. ಮೂರು ನಿಮಿಷ ಬೇಕಾಗಿದ್ದ ಕಡೆ ಒಂದು ನಿಮಿಷವೂ ಇರಲಿಲ್ಲ.

“ಹದಿಮೂರೂವರೆ ಇತ್ತಲ್ಲ ಮೇಷ್ಟ್ರೇ,” ಅಂದಳು. “ಇವತ್ತು ಬೆಳಿಗ್ಗೆಯೂ ಇತ್ತು.”

“ಇತ್ತು. ಕೆಲಸ ಹೇಳೋವರೆಗೂ ಇತ್ತು.”

“ಹಳೇವು ಅಂತ ಕನಿಕರಪಟ್ಟೆ. ನಾನೇ ಕೊಂದುಬಿಟ್ಟೆ.”

“ಇಲ್ಲದ್ದನ್ನ ತಲೆ ಮೇಲೆ ಹಾಕ್ಕೋಬೇಡ. ನೀನು ಕೊಲ್ಲಲಿಲ್ಲ. ವಯಸ್ಸಾಗಿತ್ತು, ಹೋದ್ವು.” ಮೇಷ್ಟ್ರು ಬಾಗಿ ಒಂದು ಬ್ಯಾಟರಿಯ ನೆತ್ತಿ ಸವರಿದರು. “ಹೋಗ್ತಿದಾವೆ ಅನ್ನೋದು ಪಕ್ಕದಲ್ಲೇ ಇದ್ದ ನಿಂಗೆ ಗೊತ್ತಾಗ್ಲಿಲ್ಲ. ಅಷ್ಟೇ ಆಗಿದ್ದು.”

ದಾಕ್ಷಾಯಿಣಿ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಳು. ಮೇಷ್ಟ್ರು ಅಳಲು ಬಿಟ್ಟರು. ಅತ್ತು ಮುಗಿದ ಮೇಲೆ ಎಂಜಿನಿಯರಿಗೆ ಫೋನು ಮಾಡಿದಳು. ಮುಚ್ಚಿಡದೆ ಎಲ್ಲ ಹೇಳಿದಳು, ಬೈಸಿಕೊಂಡಳು.

ಹೊಸ ಬ್ಯಾಟರಿಗಳು ಮೈಸೂರಿನ ಗೋಡೌನಿನಲ್ಲಿವೆ, ನಾಳೆ ಕಳಿಸುತ್ತೇವೆ ಅಂದರು ಎಂಜಿನಿಯರು. ಆದರೆ ಗುಡ್ಡದ ಟ್ಯಾಂಕಿನಲ್ಲಿ ನೀರು ತಳ ಕಂಡಿತ್ತು. ಇವತ್ತು ಪಂಪು ಓಡಲೇಬೇಕು. ಓಡುವಾಗ ಕರೆಂಟು ಹೋದರೆ ವಾಲ್ವನ್ನು ಕೈಯಲ್ಲೇ ಮುಚ್ಚಬೇಕು.

“ಮುಚ್ತೀಯಾ?” ಅಂತ ಎಂಜಿನಿಯರು ಕೇಳಿದರು.

“ಮುಚ್ತೀನಿ ಸಾರ್,” ಅಂದುಬಿಟ್ಟಳು.

ಫೋನಿಟ್ಟು ಮೇಷ್ಟ್ರ ಕಡೆ ತಿರುಗಿದಳು. “ಮೇಷ್ಟ್ರೇ, ಬೆಳಿಗ್ಗೆಯಿಂದ ನಿಮಗೆ ತುಂಬಾ ತ್ರಾಸಾಯ್ತು. ನೀವು ಮನೆಗೆ ಹೋಗಿ ಮಲಕ್ಕೊಳಿ. ನಾನು ನೋಡ್ಕೋತೀನಿ.”

ನೋಡಿ, ಬ್ಯಾಟರಿಯ ಪಾಠ ಅವಳಿಗೆ ಅರ್ಥವಾಗಿತ್ತು. ಮೇಷ್ಟ್ರ ಪಾಠ ಇನ್ನೂ ಆಗಿರಲಿಲ್ಲ.

ಮೇಷ್ಟ್ರು ಚೀಲ ಹೆಗಲಿಗೆ ಹಾಕಿ, ಚಪ್ಪಲಿ ಮೆಟ್ಟಿ ಹೊರಟರು.

ದಾಕ್ಷಾಯಿಣಿ ಹೊಳೆಯ ಕಡೆಯ ಮೆಟ್ಟಿಲಿಳಿದು ವಾಲ್ವಿನ ಹತ್ತಿರ ಹೋದಳು. ಮೋಟಾರಿನ ಪಕ್ಕದಲ್ಲಿ ಕೈಯಲ್ಲಿ ತಿರುಗಿಸುವ ಕಬ್ಬಿಣದ ಚಕ್ರ. ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬೇಗ ಮುಚ್ಚಿದರೆ ನೀರು ಬಂದು ಗುದ್ದುತ್ತದೆ. ನಿಧಾನ ಮಾಡಿದರೆ ಅಷ್ಟೂ ನೀರು ಹಿಂದಕ್ಕೆ ಇಳಿಯುತ್ತದೆ. ಎಷ್ಟು ಬೇಗ, ಎಷ್ಟು ನಿಧಾನ? ನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ಈ ಚಕ್ರ ತಿರುಗಿಸಿರಲಿಲ್ಲ. ಎಲ್ಲವನ್ನೂ ಪ್ಯಾನೆಲ್ಲೇ ಮಾಡುತ್ತಿತ್ತು.

ಗೊತ್ತಿದ್ದ ಒಬ್ಬರನ್ನು ಅವಳು ಈಗಷ್ಟೇ ಮನೆಗೆ ಕಳಿಸಿದ್ದಳು.

ಮೆಟ್ಟಿಲು ಹತ್ತಿ ಓಡಿದಳು. ಮೇಷ್ಟ್ರು ಗೇಟು ದಾಟಿ, ರಸ್ತೆಯ ತಿರುವಿನ ಹತ್ತಿರ ಹೋಗಿಬಿಟ್ಟಿದ್ದರು. ಹಿಂದಿನಿಂದ ನೋಡಿದಾಗ ಹೆಗಲು ಬಾಗಿತ್ತು. ಇಷ್ಟು ಮುದುಕರಾಗಿದ್ದು ಯಾವಾಗ ಅನ್ನಿಸಿತು ಅವಳಿಗೆ.

“ಮೇಷ್ಟ್ರೇ, ನಿಂತ್ಕೊಳಿ.”

ಅವರು ನಿಂತರು.

“ನಂಗೆ ಬರಲ್ಲ,” ಅಂದಳು ಏದುಸಿರು ಬಿಡುತ್ತ. “ಎಂಜಿನಿಯರ್ ಹತ್ರ ಬರುತ್ತೆ ಅಂದೆ. ಬರಲ್ಲ. ನೀವಿಲ್ದೆ ಆಗಲ್ಲ.”

“ಡಾಕ್ಟ್ರು ಭಾರ ಎತ್ತಬೇಡಿ ಅಂದಿದಾರೆ,” ಅಂದರು ಮೇಷ್ಟ್ರು. ಮುಖದಲ್ಲಿ ಒಂಚೂರೂ ನಗುವಿರಲಿಲ್ಲ.

“ಎತ್ತೋದು, ತಿರುಗಿಸೋದು ನಾನು ಮಾಡ್ತೀನಿ. ಹೇಗೆ ಅಂತ ನೀವು ಹೇಳ್ಬೇಕು.”

“ಬಿಸಿಲು ಜಾಸ್ತಿ ಇದೆ.”

“ಇರಲಿ.”

“ಸುಸ್ತಾಗುತ್ತೆ ನಂಗೆ.”

ದಾಕ್ಷಾಯಿಣಿ ಅವರ ಚೀಲಕ್ಕೆ ಕೈ ಚಾಚಿದಳು. ಆಮೇಲೆ ಹೇಳಿದಳು, “ಆಗ್ಲಿ ಮೇಷ್ಟ್ರೇ.”

ಮೇಷ್ಟ್ರು ಚೀಲವನ್ನು ಅವಳ ಕೈಗೆ ಕೊಟ್ಟು ವಾಪಸ್ ಹೊರಟರು. ಅವಳಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದರು.

ಯುಪಿಎಸ್ಸಿನ ಸ್ವಿಚ್ಚು ಮತ್ತೆ ಹಾಕಿದರು, ವಾಲ್ವು ತೆರೆಯಿತು, ಪಂಪು ಶುರುವಾಯಿತು. ಇಬ್ಬರೂ ವಾಲ್ವಿನ ಪಕ್ಕದಲ್ಲಿ ಕೂತರು.

“ಪೈಪಿನ ಮೇಲೆ ಕೈಯಿಡು,” ಅಂದರು ಮೇಷ್ಟ್ರು. “ಏನು ಗೊತ್ತಾಗುತ್ತೆ?”

“ನಡುಗ್ತಿದೆ.”

“ಹೇಗೆ ನಡುಗ್ತಿದೆ?”

“ಹೇಗೆ ಅಂದ್ರೆ? ಸುಮ್ನೆ ನಡುಗ್ತಿದೆ.”

“ನಾಲ್ಕು ವರ್ಷದಿಂದ ಅನ್ನ ತಿಂದಿದೀಯೋ, ಮಣ್ಣು ತಿಂದಿದೀಯೋ. ಸರಿಯಾಗಿ ಅಂಗೈ ಊರು.”

ಎಷ್ಟೋ ತಿಂಗಳ ಮೇಲೆ ಬೈದಿದ್ದರು. ದಾಕ್ಷಾಯಿಣಿಗೆ ಎಷ್ಟು ಖುಷಿಯಾಯಿತೆಂದರೆ ಅಂಗೈ ಊರುವುದನ್ನೂ ಮರೆತು ಅವರ ಮುಖವನ್ನೇ ನೋಡುತ್ತ ಕೂತಳು. ಅದಕ್ಕೂ ಬೈಸಿಕೊಂಡಳು.

ಮಧ್ಯಾಹ್ನದವರೆಗೂ ಮೇಷ್ಟ್ರು ಹೇಳಿಕೊಟ್ಟರು. ಮೊದಲರ್ಧ ಬೇಗ ತಿರುಗಿಸಬೇಕು, ಆಮೇಲೆ ಪೈಪು ಹೇಗೆ ನಡುಗುತ್ತದೋ ನೋಡಿಕೊಂಡು ತಿರುಗಿಸಬೇಕು. ಪ್ಯಾನೆಲ್ಲು ಬರುವುದಕ್ಕೆ ಮುಂಚೆ ಹನ್ನೊಂದು ವರ್ಷ ಅವರು ಈ ಚಕ್ರವನ್ನು ಕೈಯಲ್ಲೇ ತಿರುಗಿಸಿದ್ದರಂತೆ. ಈ ವಿಷಯ ಅವಳಿಗೆ ಇವತ್ತೇ ಗೊತ್ತಾಗಿದ್ದು. ಅವಳು ಯಾವತ್ತೂ ಕೇಳಿರಲೇ ಇಲ್ಲ.

ಮೂರು ಗಂಟೆಗೆ ಕರೆಂಟು ಹೋಯಿತು.

ಪಂಪಿನ ಸದ್ದು ಇಳಿಯತೊಡಗಿತು. ದಾಕ್ಷಾಯಿಣಿ ಚಕ್ರ ಹಿಡಿದಳು. ಮೇಷ್ಟ್ರು ಪೈಪಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿದರು.

“ತಿರುಗ್ಸು. ಜೋರಾಗಿ.”

ತಿರುಗಿಸಿದಳು. ಹತ್ತು ಸುತ್ತು, ಇಪ್ಪತ್ತು ಸುತ್ತು, ನಲವತ್ತು. ತೋಳು ಉರಿಯುತ್ತಿತ್ತು.

“ನಿಲ್ಸು.”

ನಿಲ್ಲಿಸಿದಳು. ಪೈಪಿನೊಳಗೆ ದೂರದಲ್ಲಿ ಏನೋ ಗುಡುಗಿದ ಹಾಗಾಯಿತು.

“ಬರ್ತಿದೆ ಮೇಷ್ಟ್ರೇ.”

“ಬರ್ಲಿ. ಗಾಬರಿಯಾಗ್ಬೇಡ. ಈಗ ಅರ್ಧ ಸುತ್ತು.”

ಅರ್ಧ ಸುತ್ತು ತಿರುಗಿಸಿದಳು.

“ಇನ್ನರ್ಧ. ತಡಿ. ತಡಿ. ಈಗ ತಿರುಗ್ಸು, ಮೆಲ್ಲಗೆ.”

ಪೈಪು ಒಮ್ಮೆ ಅದುರಿತು, ಸುಮ್ಮನಾಯಿತು. ಮತ್ತೆ ಅದುರಿತು, ಈ ಸಲ ಕಡಿಮೆ. ಮೇಷ್ಟ್ರ ಅಂಗೈ ಕದಲಲಿಲ್ಲ. ಅವರು ಹೇಳಿದಷ್ಟು ತಿರುಗಿಸಿದಳು, ಹೇಳಿದಾಗ ನಿಂತಳು. ಕೊನೆಯ ಹತ್ತು ಸುತ್ತಿಗೆ ಒಂದು ಯುಗವಾಯಿತು. ಕಡೆಗೆ ಚಕ್ರ ಬಿಗಿಯಾಗಿ ನಿಂತಿತು. ವಾಲ್ವು ಪೂರ್ತಿ ಮುಚ್ಚಿತ್ತು, ಪೈಪು ತಣ್ಣಗೆ ಕೂತಿತ್ತು.

ಟ್ಯಾಂಕು ಅಷ್ಟೊತ್ತಿಗೆ ಮುಕ್ಕಾಲು ತುಂಬಿತ್ತು. ನಾಳೆಯವರೆಗೆ ಊರಿಗೆ ಸಾಕಾಗುವಷ್ಟು ನೀರು ಇತ್ತು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಮೇಷ್ಟ್ರ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಕಣ್ಣು ಮಾತ್ರ ಮದುವೆ ಗಂಡಿನ ಹಾಗೆ ಹೊಳೆಯುತ್ತಿತ್ತು.

“ಸುಸ್ತಾಯ್ತಾ, ಮನೆಗೆ ಬಿಟ್ಟು ಬರ್ಲಾ?” ಅನ್ನುವ ಮಾತು ದಾಕ್ಷಾಯಿಣಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಅದನ್ನು ನುಂಗುವುದು ಚಕ್ರ ತಿರುಗಿಸಿದ್ದಕ್ಕಿಂತ ಕಷ್ಟವಾಯಿತು ಅವಳಿಗೆ.

ಅದರ ಬದಲು ಹೇಳಿದಳು, “ಮೇಷ್ಟ್ರೇ, ನೀವು ಬರೆದ ಕಾಗದ ನನ್ನ ಹತ್ರಾನೇ ಇದೆ. ಎಂಜಿನಿಯರ್‌ಗೆ ಕೊಡು ಅಂದ್ರೆ ಕೊಡ್ತೀನಿ. ಹಟ ಮಾಡಲ್ಲ.”

ಮೇಷ್ಟ್ರು ಚೀಲದಿಂದ ಟವೆಲು ತೆಗೆದರು.

“ಆದ್ರೆ ನಾಳೆ ಹೊಸ ಬ್ಯಾಟರಿ ಬರ್ತಾವೆ. ಹದಿನಾರನ್ನೂ ನಾನು ಎತ್ತಿಡ್ತೀನಿ. ಒಂದೊಂದು ಬೋಲ್ಟನ್ನೂ ನೀವು ಬಿಗಿ ಮಾಡಿ ನೋಡ್ಬೇಕು. ಮೊದಲನೇ ಸಲ ನೀವೇ ಮಾತಾಡಿಸ್ಬೇಕು. ರಿಜಿಸ್ಟರೂ ನೀವೇ ಬರೀಬೇಕು, ನನ್ನ ಅಕ್ಷರ ಎಂಜಿನಿಯರ್‌ಗೆ ಅರ್ಥ ಆಗಲ್ವಂತೆ. ಆಮೇಲೆ ಆ ಚಕ್ರ ತಿರುಗಿಸೋದು ನಂಗೆ ಇನ್ನೂ ಬಂದಿಲ್ಲ. ನಿಮ್ಮ ಕೈ ಇತ್ತು ಅಂತ ಇವತ್ತು ಆಯ್ತು. ಅದನ್ನ ಕಲಿಯೋಕೆ ನಂಗೆ ಒಂದು ವರ್ಷ ಆದ್ರೂ ಬೇಕು.”

ಒಂದೇ ಉಸಿರಿಗೆ ಇಷ್ಟು ಕೆಲಸ ಹೇಳಿ ಅವಳಿಗೇ ಅಳುಕಾಯಿತು. ಜಾಸ್ತಿಯಾಯಿತೇನೋ ಅಂತ ಓರೆಗಣ್ಣಿನಲ್ಲಿ ಮೇಷ್ಟ್ರನ್ನು ನೋಡಿದಳು.

ಮೇಷ್ಟ್ರು ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಳ್ಳುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಟವೆಲು ಮುಖದ ಮೇಲೇ ಇತ್ತು. ಆಮೇಲೆ ಅದನ್ನು ಹೆಗಲಿಗೆ ಹಾಕಿಕೊಂಡು ಕೇಳಿದರು:

“ಎಷ್ಟು ಗಂಟೆಗೆ ಬರ್ಲಿ?”